ಹಾದಿಗೆ ಪಕ್ಷಪಾತ ಸಲ್ಲದು

ಹುಬ್ಬಳ್ಳಿಯ ಅರಳೆಯ ವ್ಯಾಪಾರಕ್ಕೆ ರೈಲುಮಾರ್ಗವೇ ಜೀವಾಳವಾಗಿತ್ತು. ಆ ಮಾರ್ಗದ ಒಡೆಯರು ಒಬ್ಬನ ಅಂಡಿಗೆಗಳನ್ನು ಮುಂದೆ ಸಾಗಿಸಿ ಇನ್ನೊಬ್ಬನವನ್ನು ನಿಲ್ದಾಣದಲ್ಲಿಯೇ ಕೆಡವಿದ್ದರೆ ಪೇಟೆಯ ಗತಿಯೇನು? ಪರಕೀಯ ಸರಕಾರವೂ ಇದನ್ನರಿತು ೧೮೯೦ರ ರೈಲ್ವೆ ಕಾಯಿದೆಯಲ್ಲಿ ಅಂಥ ಅನುಚಿತ ಪಕ್ಷಪಾತವನ್ನು ನಿಷೇಧಿಸಿತ್ತು. ಸರಕಿಗೆ ಸಂದ ನ್ಯಾಯವು ವಿಚಾರಕ್ಕೆ ಸಲ್ಲಬಾರದೇ? ಅಂತರ್ಜಾಲದ ತಟಸ್ಥತೆಯೆಂದರೆ ಇದೇ.

ಫೇಸ್‌ಬುಕ್ ಕಂಪನಿಯು ‘ಫ್ರೀ ಬೇಸಿಕ್ಸ್’ ಎಂಬ ಹೆಸರಿನಿಂದ ಆಯ್ದ ಕೆಲವು ತಾಣಗಳನ್ನಷ್ಟೇ ಬಿಟ್ಟಿಯಾಗಿ ಒದಗಿಸಲು ಹೊರಟಾಗ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೬ರ ಫೆಬ್ರುವರಿ ೮ರಂದು ಇಂಥ ದರಭೇದವನ್ನೇ ನಿಷೇಧಿಸಿತು. ಏನೂ ಇಲ್ಲದ ಬಡವನಿಗೆ ಅಷ್ಟಾದರೂ ದೊರೆಯಲೆಂಬ ವಾದವು ನಿಸ್ಸಾರವಲ್ಲ. ಆದರೆ ದಾನಿಯು ತೆರೆದ ಕಿಟಕಿಯಿಂದಲೇ ಲೋಕವನ್ನು ನೋಡುವವನು ತನಗೆ ಮರೆಯಾದುದನ್ನು ಕೇಳುವ ಬಗೆ ಯಾವುದು? ಅಭಿಪ್ರಾಯವೊಂದನ್ನು ಅಡಗಿಸಿದರೆ ನುಡಿಯುವವನಿಗಿಂತ ಕೇಳುವವರಿಗೇ ಹೆಚ್ಚಿನ ಹಾನಿಯೆಂಬುದನ್ನು ಜಾನ್ ಸ್ಟುವರ್ಟ್ ಮಿಲ್ಲನು ೧೮೫೯ರಲ್ಲಿಯೇ ತೋರಿಸಿದ್ದಾನೆ. ಅಡಗಿಸುವ ಕೈ ಸರಕಾರದ್ದಾದರೇನು, ಸಾಹುಕಾರನದಾದರೇನು?

ಈಚಿನ ವರ್ಷಗಳಲ್ಲಿ ದೂರಸಂಪರ್ಕ ಕಂಪನಿಗಳು, ಹೆಚ್ಚು ದಟ್ಟಣೆ ತರುವ ದೊಡ್ಡ ಸೇವೆಗಳು ಜಾಲದ ವೆಚ್ಚದಲ್ಲಿ ಪಾಲು ಕೊಡಬೇಕೆಂದು ಕೇಳತೊಡಗಿವೆ. ದೊಡ್ಡವರು ಕೊಟ್ಟಾರು. ಆದರೆ ಇಂದು ಅವರಿಗೆ ಹಾಕಿದ ಸುಂಕದಕಟ್ಟೆ ನಾಳೆ ಎಲ್ಲರ ಹಾದಿಗೂ ಅಡ್ಡ ಬಂದೀತು. ಕೊಟ್ಟವನಿಗೆ ರಾಜಮಾರ್ಗ, ಕೊಡದವನಿಗೆ ಕಾಲುಹಾದಿಯಾದೀತು. ಆಗ ಧಾರವಾಡದ ಸಣ್ಣ ಪ್ರಕಾಶಕನ ಪಾಡೇನು? ಕನ್ನಡದ ಓದುಗನ ಪಾಡೇನು? ೨೦೧೮ರಲ್ಲಿ ತಾನೇ ಅಂಗೀಕರಿಸಿದ ತಟಸ್ಥತೆಯ ತತ್ತ್ವವನ್ನು ಸರಕಾರವು ಸಡಿಲಿಸಕೂಡದು. ಹಾದಿಯ ಕಾವಲುಗಾರನು ದಾರಿಗರ ಯೋಗ್ಯತೆಯನ್ನು ನಿರ್ಣಯಿಸುವವನಾಗಬಾರದು.