ಹಳೆಯ ಕಾರು: ಹೊಣೆ ಹೊತ್ತವನಿಗೆ ಏಕೆ ಶಿಕ್ಷೆ?

ತೊಗರಿ ರಾಶಿ ಮುಗಿದು ರೈತನ ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿ ಹಳೆಯ ಕಾರುಗಳ ವ್ಯಾಪಾರವೂ ಚುರುಕಾಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಹೊರಗಿನವರಿಗೆ ಪರಿಚಿತವಾಗಿರುವುದು ಸಿಮೆಂಟ್, ಕಲ್ಲು ಮತ್ತು ತೊಗರಿಯಿಂದ. ಈ ಊರುಗಳ ರಸ್ತೆ ಬದಿಯಲ್ಲಿ ನಾಲ್ಕೈದು ಕಾರು ನಿಲ್ಲಿಸಿಕೊಂಡು ಕೂರುವ ವ್ಯಾಪಾರಿ ಯಾರ ಲೆಕ್ಕಕ್ಕೂ ಬರುವವನಲ್ಲ. ಆದರೆ ಶಾಲಾ ಶಿಕ್ಷಕ, ಕಾರ್ಖಾನೆಯ ನೌಕರ, ಹತ್ತು ಎಕರೆಯ ರೈತ ಮೊದಲ ಬಾರಿಗೆ ಕಾರಿನ ಒಡೆಯರಾಗುವುದು ಬಹುಮಟ್ಟಿಗೆ ಈತನ ಮೂಲಕವೇ. 2023ರಿಂದ ಈಚೆಗೆ ಜಾರಿಗೆ ಬಂದ ಒಂದು ನಿಯಮ ಮತ್ತು ಎರಡು ತೆರಿಗೆ ತೀರ್ಮಾನಗಳು ಈ ಸಣ್ಣ ವ್ಯಾಪಾರದ ಬುಡವನ್ನೇ ಅಲುಗಾಡಿಸಿವೆ. ಅದರ ಪರಿಣಾಮ ವ್ಯಾಪಾರಿಯೊಬ್ಬನ ಲಾಭ ನಷ್ಟಕ್ಕೆ ಸೀಮಿತವಲ್ಲ ಎಂಬುದನ್ನು ಗಮನಿಸಬೇಕಾಗಿದೆ.

ಮೊದಲು ಈ ಭಾಗದ ವಸ್ತುಸ್ಥಿತಿ. ವಾಡಿ ದೊಡ್ಡ ರೈಲ್ವೆ ಜಂಕ್ಷನ್. ಶಹಾಬಾದ್ ಮುಂಬೈ–ಚೆನ್ನೈ ಮಾರ್ಗದಲ್ಲಿದೆ; ಚಿತ್ತಾಪುರ ಮತ್ತು ಸೇಡಂ ಸಿಕಂದರಾಬಾದ್ ಮಾರ್ಗದಲ್ಲಿವೆ. ಚಿಂಚೋಳಿಗೆ ರೈಲೇ ಇಲ್ಲ. ಆದರೂ ರಾತ್ರಿ ವೇಳೆ ಎದೆನೋವು ಬಂದವರನ್ನು ಕಲಬುರಗಿಗೋ ಹೈದರಾಬಾದಿಗೋ ಸಾಗಿಸಲು ರೈಲಾಗಲಿ ಬಸ್ಸಾಗಲಿ ನೆರವಿಗೆ ಬರುವುದಿಲ್ಲ. ಇಲ್ಲಿ ಕಾರು ಪ್ರತಿಷ್ಠೆಯ ವಸ್ತುವಿಗಿಂತ ಹೆಚ್ಚಾಗಿ ಅನಿವಾರ್ಯದ ವಸ್ತು. ಎರಡು ಮೂರು ಲಕ್ಷ ರೂಪಾಯಿಗೆ ಸಿಗುವ ಕಾರು ಎಂದರೆ ಹಳೆಯ ಕಾರೇ.

ಈ ಮಾರುಕಟ್ಟೆಗೆ ತನ್ನದೇ ಆದ ಅಪಾಯಗಳೂ ಇವೆ. ಸಿಮೆಂಟ್ ಕಾರ್ಖಾನೆ, ಕಲ್ಲು ಗಣಿಗಳ ನಡುವೆ ಓಡಾಡಿದ ಗಾಡಿಯ ಏರ್ ಫಿಲ್ಟರಿನಲ್ಲಿ ಬಿಳಿ ದೂಳು ಕಟ್ಟಿರುತ್ತದೆ. ಭಾರದ ಲಾರಿಗಳು ಕೆಡಿಸಿದ ರಸ್ತೆಯಲ್ಲಿ ಸಸ್ಪೆನ್ಷನ್ ಬೇಗ ಸವೆಯುತ್ತದೆ. ಬಾಡಿಗೆಗೆ ಹಗಲಿರುಳು ದುಡಿದ ಹಳದಿ ಬೋರ್ಡಿನ ಕಾರು ಬಿಳಿ ಬೋರ್ಡಿಗೆ ಬದಲಾಗಿ, ಮೀಟರಿನ ಅಂಕಿ ಹಿಂದಕ್ಕೆ ಸರಿದು, ‘ಮನೆಯ ಗಾಡಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರಬಹುದು. ಸೇಡಂ ಮತ್ತು ಚಿಂಚೋಳಿ ತೆಲಂಗಾಣಕ್ಕೆ ಅಂಟಿಕೊಂಡ ತಾಲ್ಲೂಕುಗಳು. ಗಡಿಯಾಚೆಯ ಅಗ್ಗದ ಕಾರು ಇಲ್ಲಿಗೆ ಬರುವುದು ಸುಲಭ; ಆದರೆ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಂಡರೆ ಎನ್‌ಒಸಿ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಆ ಖರ್ಚು ಸೇರಿದರೆ ಅಗ್ಗವೆನಿಸಿದ್ದು ತುಟ್ಟಿಯಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿದವು. ಅದೇ ತಿಂಗಳು ಕಾಗಿಣಾ ನದಿಯೂ ಉಕ್ಕಿತು. ನೀರಿನಲ್ಲಿ ನಿಂತ ಕಾರಿನ ವೈರಿಂಗ್ ದೋಷ ಖರೀದಿಯ ದಿನ ಕಾಣುವುದಿಲ್ಲ. ಆರು ತಿಂಗಳ ಬಳಿಕ ಕಾಣುತ್ತದೆ.

ಗಾಡಿಯ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿ ಆರಿಸಿಕೊಂಡರು. ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಲಾಗದ ಗ್ರಾಹಕ ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಕೊಡಲಾಗದೆ ಒಳ್ಳೆಯ ಗಾಡಿಯ ಒಡೆಯ ಸಂತೆಯಿಂದಲೇ ದೂರ ಸರಿಯುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಗಾಡಿಗಳು ಮಾತ್ರ. ಈ ವಿಶ್ಲೇಷಣೆಯನ್ನು ಬೆಳೆಸಿದ್ದಕ್ಕಾಗಿ ಅವರು 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಸಣ್ಣ ಊರಿನ ವ್ಯಾಪಾರಿ ಈ ಸಮಸ್ಯೆಗೆ ತನ್ನದೇ ರೀತಿಯಲ್ಲಿ ಉತ್ತರ ಕಂಡುಕೊಂಡಿದ್ದಾನೆ. ಸೇಡಂನಲ್ಲಿ ಕೆಟ್ಟ ಗಾಡಿ ಕೊಟ್ಟವನು ಮರುದಿನ ಅದೇ ಬಸ್ ನಿಲ್ದಾಣದಲ್ಲಿ, ಅದೇ ಜಾತ್ರೆಯಲ್ಲಿ ಗ್ರಾಹಕನ ಮುಖ ನೋಡಬೇಕಾಗುತ್ತದೆ. ಊರಿನಲ್ಲಿ ಉಳಿಸಿಕೊಂಡ ಹೆಸರೇ ಆತನ ನಿಜವಾದ ಬಂಡವಾಳ.

ಆದರೆ ಈ ವ್ಯಾಪಾರದಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬ ಹಣ ಹಾಕಿ ಕಾರು ಕೊಂಡು, ರಿಪೇರಿ ಮಾಡಿಸಿ, ತನ್ನ ಅಂಗಳದಲ್ಲಿಟ್ಟು ಮಾರುವವನು. ಇನ್ನೊಬ್ಬ ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿ ಎರಡೂ ಕಡೆ ಕಮಿಷನ್ ಪಡೆಯುವ ದಲ್ಲಾಳಿ. ಮೊದಲನೆಯವನು ಗಾಡಿಯ ಹೊಣೆ ಹೊರುತ್ತಾನೆ, ಎರಡನೆಯವನು ಹೊರುವುದಿಲ್ಲ. ಸರ್ಕಾರದ ನೀತಿ ಯಾರ ಬೆನ್ನಿಗೆ ನಿಂತಿದೆ ಎಂಬುದೇ ಇಲ್ಲಿರುವ ಪ್ರಶ್ನೆ.

ಹೊಣೆಯ ಮಾತು ಏಕೆ ಮುಖ್ಯ ಎಂಬುದನ್ನು ಕಾಗದಪತ್ರಗಳ ಕಡೆಯಿಂದ ನೋಡಬಹುದು. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ವಾಹನ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ವಾಡಿಕೆ ಬೇರೆ. ನಮೂನೆ 29 ಮತ್ತು 30ಕ್ಕೆ ಮಾರುವವನಿಂದ ಖಾಲಿ ಸಹಿ ಹಾಕಿಸಿಕೊಂಡು, ಖರೀದಿದಾರನ ಹೆಸರಿನ ಜಾಗ ಬಿಟ್ಟು, ಆ ಕಾಗದವನ್ನೇ ಕೈಯಿಂದ ಕೈಗೆ ದಾಟಿಸುವುದು ಈ ವ್ಯಾಪಾರದ ಹಳೆಯ ಚಾಳಿ. ಹೆಸರು ಬದಲಾವಣೆಯ ಖರ್ಚು ಉಳಿಯಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ.

ಈ ಸಮಾಧಾನ ಎಷ್ಟು ದುಬಾರಿ ಎಂಬುದನ್ನು 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ನೀಡಿದ ತೀರ್ಪು ತೋರಿಸಿತು. 2007ರಲ್ಲಿ ಮಾರಾಟವಾಗಿ ಒಬ್ಬರಿಂದ ಒಬ್ಬರಿಗೆ ದಾಟಿದ್ದ ಕಾರೊಂದು 2009ರಲ್ಲಿ ಅಪಘಾತಕ್ಕೆ ಕಾರಣವಾಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಉಳಿದಿತ್ತು. ಕಾನೂನಿನ ಕಣ್ಣಿಗೆ ಮಾಲೀಕನೆಂದರೆ ನೋಂದಣಿ ದಾಖಲೆಯಲ್ಲಿ ಹೆಸರಿರುವವನೇ, ಪರಿಹಾರದ ಹೊಣೆಯೂ ಅವನದೇ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡವರು ಕೈ ಬದಲಾವಣೆಯ ಸರಪಳಿಯ ಹಿಂದೆ ಅಲೆಯುವಂತಾಗಬಾರದು ಎಂಬ ಅದರ ತರ್ಕ ನ್ಯಾಯಯುತವಾದುದು. ಆದರೆ ಇದರ ಅರ್ಥವೇನು? ಚಿತ್ತಾಪುರದ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಕಾರನ್ನು ದಲ್ಲಾಳಿಯ ಮೂಲಕ ಮಾರಿ ಮರೆತಿದ್ದಾರೆ ಎಂದಿಟ್ಟುಕೊಳ್ಳೋಣ. ಮೂರನೆಯ ಕೈಯಲ್ಲಿ ವಿಮೆ ನವೀಕರಣವಾಗದ ಆ ಗಾಡಿ ರಸ್ತೆಯಲ್ಲಿ ಯಾರನ್ನಾದರೂ ಬಲಿ ತೆಗೆದುಕೊಂಡರೆ ನ್ಯಾಯಾಲಯದ ನೋಟಿಸು ಬರುವುದು ಶಿಕ್ಷಕರ ಮನೆಗೆ. ಸತ್ತವನ ಕುಟುಂಬಕ್ಕೆ ಪರಿಹಾರ ಸಿಗುವುದೂ ಪಿಂಚಣಿಯಲ್ಲಿ ಬದುಕುವ ಅವರ ಶಕ್ತಿಯನ್ನು ಅವಲಂಬಿಸಿರುತ್ತದೆ.

ಈ ಲೋಪವನ್ನು ಮುಚ್ಚಲೆಂದೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಐದು ವರ್ಷಗಳ ಅಧಿಕಾರ ಪತ್ರ ಪಡೆಯಬೇಕು. ಮಾಲೀಕ ಕಾರನ್ನು ವ್ಯಾಪಾರಿಗೆ ಒಪ್ಪಿಸಿದೊಡನೆ ನಮೂನೆ 29ಸಿ ಮೂಲಕ ಅದನ್ನು ಪೋರ್ಟಲಿನಲ್ಲಿ ದಾಖಲಿಸಬೇಕು. ಅಲ್ಲಿಂದ ಮುಂದೆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ಹೆಸರು ಬದಲಾವಣೆ, ಆರ್‌ಸಿ ನವೀಕರಣ, ಎನ್‌ಒಸಿಗೆ ಅರ್ಜಿ ಹಾಕುವ ಅಧಿಕಾರವೂ ಅವನಿಗೇ ಬರುತ್ತದೆ. ಕಾರು ಹೊರಗೆ ಹೋದ ಪ್ರತಿ ಓಡಾಟವನ್ನೂ ವಿದ್ಯುನ್ಮಾನ ದಾಖಲೆಯಲ್ಲಿ ಬರೆದಿಡಬೇಕು. ಮಾರುವವನ ಪಾಲಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ ಎಂಬುದರಲ್ಲಿ ಎರಡು ಮಾತಿಲ್ಲ.

ತೊಡಕು ಇರುವುದು ನಿಯಮದ ಆಶಯದಲ್ಲಲ್ಲ, ಅದರ ಅಳತೆಯಲ್ಲಿ. ನೂರಾರು ಕಾರು ಮಾರುವ ಬೆಂಗಳೂರಿನ ಕಂಪನಿಗೆ ಇದಕ್ಕಾಗಿ ಪ್ರತ್ಯೇಕ ಸಿಬ್ಬಂದಿ ಇರುತ್ತಾರೆ. ತಿಂಗಳಿಗೆ ಎರಡು ಕಾರು ಮಾರುವ ಚಿಂಚೋಳಿಯ ವ್ಯಾಪಾರಿ ತಾನೇ ಗುಮಾಸ್ತ, ತಾನೇ ಮೆಕ್ಯಾನಿಕ್, ತಾನೇ ಚಾಲಕ. ಈ ಐದೂ ಊರುಗಳ ಗಾಡಿಗಳಿಗೆ ಕೆಎ–32 ಎಂಬ ಒಂದೇ ಸಂಕೇತ. ಕಚೇರಿ ಇರುವುದು ಕಲಬುರಗಿಯಲ್ಲಿ. ಹೊಣೆ ಹೊರಲು ಮುಂದಾದವನಿಗೆ ಓಡಾಟ, ಶುಲ್ಕ, ದಾಖಲೆಗಳ ಭಾರ. ದಲ್ಲಾಳಿಯಾಗಿಯೇ ಉಳಿದವನಿಗೆ ಇದಾವುದರ ಗೊಡವೆಯೂ ಇಲ್ಲ.

ತೆರಿಗೆಯದೂ ಇದೇ ಕಥೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಎಲ್ಲ ಹಳೆಯ ವಾಹನಗಳ ಮೇಲಿನ ತೆರಿಗೆಯನ್ನು ಶೇ 18ಕ್ಕೆ ಏಕರೂಪಗೊಳಿಸಿತು. ಅದುವರೆಗೆ ಸಣ್ಣ ಕಾರುಗಳಿಗೆ ಶೇ 12 ಇತ್ತು. ಆಗ ಎದ್ದ ಗದ್ದಲದಲ್ಲಿ ತಪ್ಪು ತಿಳಿವಳಿಕೆಯೂ ಸೇರಿತ್ತು. ಈ ತೆರಿಗೆ ನೋಂದಾಯಿತ ವ್ಯಾಪಾರಿಗೆ ಮಾತ್ರ ಅನ್ವಯಿಸುತ್ತದೆ. ಅದೂ ಪೂರ್ತಿ ಬೆಲೆಯ ಮೇಲಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ. ವ್ಯಕ್ತಿಯೊಬ್ಬ ತನ್ನ ಕಾರನ್ನು ಮತ್ತೊಬ್ಬ ವ್ಯಕ್ತಿಗೆ ಮಾರಿದರೆ ತೆರಿಗೆಯೇ ಇಲ್ಲ.

ಒಂದು ಲೆಕ್ಕ ನೋಡೋಣ. ವ್ಯಾಪಾರಿ 2.50 ಲಕ್ಷಕ್ಕೆ ಕೊಂಡ ಕಾರಿಗೆ ಟೈರು, ಬ್ಯಾಟರಿ, ಕ್ಲಚ್ ಎಂದು 18 ಸಾವಿರ ಖರ್ಚು ಮಾಡಿ, ತೆರಿಗೆ ಬಿಟ್ಟು 2.85 ಲಕ್ಷಕ್ಕೆ ಮಾರುತ್ತಾನೆ. ಅಂತರ 35 ಸಾವಿರ. ತೆರಿಗೆ 6,300 ರೂಪಾಯಿ. ಅಂತರದ ಲೆಕ್ಕದಲ್ಲಿ ರಿಪೇರಿ ಖರ್ಚನ್ನು ಕಳೆಯುವಂತಿಲ್ಲ. ತಿಂಗಳಿಗೆ ಶೇ 1.5ರ ಬಡ್ಡಿಯ ಹಣದಲ್ಲಿ ಕೊಂಡ ಕಾರು ಎರಡು ತಿಂಗಳು ಅಂಗಳದಲ್ಲಿ ನಿಂತರೆ 7,500 ರೂಪಾಯಿ ಅಲ್ಲಿಗೆ ಹೋಯಿತು. ಉಳಿಯುವುದು 9,500, ಬಾಡಿಗೆ, ಕೂಲಿ ಅದರಲ್ಲೇ ಆಗಬೇಕು. ಗ್ರಾಹಕ ಕೊಡಬೇಕಾದದ್ದು 2,91,300. ಪಕ್ಕದ ದಲ್ಲಾಳಿ ಅಂಥದೇ ಕಾರನ್ನು ರಿಪೇರಿ ಮಾಡಿಸದೆ, ಯಾವ ಮಾತೂ ಕೊಡದೆ, ಮಾಲೀಕನಿಂದ ನೇರವಾಗಿ ಕೊಡಿಸಿದರೆ ಈ 6,300ರ ಪ್ರಶ್ನೆಯೇ ಬರುವುದಿಲ್ಲ. ಒಂದೊಂದು ಸಾವಿರಕ್ಕೂ ಚೌಕಾಸಿ ಮಾಡುವ ಗ್ರಾಹಕ ಯಾರ ಕಡೆ ಹೋಗುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

ಇದರ ಮೇಲೆ ಬಂದದ್ದು 2025ರ ಸೆಪ್ಟೆಂಬರ್ 22ರ ಬದಲಾವಣೆ. ಹೊಸ ಸಣ್ಣ ಕಾರುಗಳ ಮೇಲಿದ್ದ ಶೇ 28ರ ಜಿಎಸ್‌ಟಿ ಮತ್ತು ಸೆಸ್ ಹೋಗಿ ಶೇ 18 ಆಯಿತು. ಆಲ್ಟೊ ಕೆ10 ಕಾರಿನ ಆರಂಭಿಕ ಷೋರೂಂ ಬೆಲೆ 3.70 ಲಕ್ಷ ರೂಪಾಯಿಗೆ ಇಳಿಯಿತು. ಮಧ್ಯಮ ವರ್ಗಕ್ಕೆ ಇದು ಸ್ವಾಗತಾರ್ಹ ಕೊಡುಗೆಯೇ. ಆದರೆ ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಲೇಬೇಕು. ಆಗಸ್ಟ್‌ನಲ್ಲಿ ಹಳೆಯ ದರಕ್ಕೆ ಕೊಂಡು ನಿಲ್ಲಿಸಿದ್ದ ಕಾರನ್ನು ಅಕ್ಟೋಬರ್‌ನಲ್ಲಿ ನಷ್ಟಕ್ಕೆ ಮಾರಿದವನಿಗೆ ಆ ಕಾರಿನ ಮೇಲೆ ತೆರಿಗೆ ಇಲ್ಲ, ನಿಜ. ಆದರೆ ಆ ನಷ್ಟವನ್ನು ಮತ್ತೊಂದು ಕಾರಿನ ಲಾಭದಲ್ಲಿ ಕಳೆದು ಜಿಎಸ್‌ಟಿ ಕಟ್ಟುವ ಅವಕಾಶವೂ ಇಲ್ಲ. ಇಲ್ಲಿಯೂ ಪೆಟ್ಟು ಬಿದ್ದದ್ದು ಬಂಡವಾಳ ಹೂಡಿದವನಿಗೆ, ಕಮಿಷನ್ ಪಡೆಯುವವನಿಗಲ್ಲ. 2025ರ ಆರಂಭದಲ್ಲಿ ತೊಗರಿಯ ಪೇಟೆ ದರ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ಅದೇ ವರ್ಷದ ಮುಂಗಾರಿನ ಅತಿವೃಷ್ಟಿ ಹೊಲದಲ್ಲಿದ್ದ ಬೆಳೆಯನ್ನೂ ಹಾಳುಮಾಡಿತು. ರೈತನ ಕೈ ಬರಿದಾದರೆ ಈ ಊರುಗಳಲ್ಲಿ ಕಾರು ಕೊಳ್ಳುವವರಾದರೂ ಯಾರು?

ಒಟ್ಟಾರೆ ಚಿತ್ರ ಹೀಗಿದೆ: ಕಾನೂನು ಬಯಸುವುದು ಹೊಣೆಗಾರ ವ್ಯಾಪಾರಿಯನ್ನು; ಲಾಭ ಮಾಡಿಕೊಡುತ್ತಿರುವುದು ಹೊಣೆಯಿಲ್ಲದ ದಲ್ಲಾಳಿಗೆ. ಇದನ್ನು ಸರಿಪಡಿಸಲು ಭಾರಿ ಸುಧಾರಣೆಯೇನೂ ಬೇಕಿಲ್ಲ. ಅಧಿಕಾರ ಪತ್ರದ ಶುಲ್ಕ ಮತ್ತು ದಾಖಲೆಗಳನ್ನು ವಹಿವಾಟಿನ ಗಾತ್ರಕ್ಕೆ ತಕ್ಕಂತೆ ಶ್ರೇಣೀಕರಿಸಬೇಕು. ಸಾರಿಗೆ ಇಲಾಖೆ ತಿಂಗಳಿಗೊಮ್ಮೆಯಾದರೂ ತಾಲ್ಲೂಕು ಕೇಂದ್ರಗಳಲ್ಲಿ ಹೆಸರು ಬದಲಾವಣೆಯ ಶಿಬಿರ ನಡೆಸಬೇಕು. ಅಂತರದ ಮೇಲಿನ ತೆರಿಗೆಯಲ್ಲಿ ಬಿಲ್ಲು ಇರುವ ರಿಪೇರಿ ಖರ್ಚನ್ನು ಕಳೆಯಲು ಜಿಎಸ್‌ಟಿ ಮಂಡಳಿ ಅವಕಾಶ ಕೊಡಬೇಕು. ಗಾಡಿಯನ್ನು ಸುರಕ್ಷಿತಗೊಳಿಸಿ ಮಾರುವವನಿಗೆ ಅದೇ ಪ್ರೋತ್ಸಾಹ. ಅಮೆರಿಕದಲ್ಲಿ 1985ರಿಂದ, ಮಾರಾಟಕ್ಕಿಟ್ಟ ಹಳೆಯ ಕಾರಿಗೆ ಖಾತರಿ ಇದೆಯೋ ಇಲ್ಲವೋ ಎಂದು ತಿಳಿಸುವ ಚೀಟಿಯನ್ನು ವ್ಯಾಪಾರಿ ಕಾರಿಗೇ ಅಂಟಿಸಬೇಕು. ಅಂಥ ಒಂದು ಪುಟದ ಹೇಳಿಕೆ ಕನ್ನಡದಲ್ಲಿ ಕಡ್ಡಾಯವಾದರೆ ಯಾರಿಗೂ ಹೊರೆಯಾಗದು.

ವ್ಯಾಪಾರಿಗಳೂ ಒಂದು ಶಿಸ್ತನ್ನು ಒಪ್ಪಿಕೊಳ್ಳಬೇಕು: ಖಾಲಿ ಸಹಿಯ ಕಾಗದದ ಮೇಲೆ ಯಾವ ಗಾಡಿಯೂ ಅಂಗಳ ದಾಟಕೂಡದು. ಮಾರುವವರು ಹಣ ಎಣಿಸಿಕೊಂಡಷ್ಟೇ ಎಚ್ಚರದಿಂದ ಆರ್‌ಸಿಯಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಬೇಕು. ಕೊಳ್ಳುವವರು ಸಾಲದ ನಮೂದು ಅಳಿಸಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ದಂಡ ಬಾಕಿ ಇದೆಯೇ ಎಂದು ಪರಿಶೀಲಿಸಿದ ನಂತರವೇ ಮುಂಗಡ ಕೊಡಬೇಕು. ಇಷ್ಟಾದರೂ ಆಗದಿದ್ದರೆ ರಸ್ತೆಯಲ್ಲಿ ಮಗನನ್ನು ಕಳೆದುಕೊಂಡ ಕುಟುಂಬವೊಂದು, ಆ ಗಾಡಿಯನ್ನು ವರ್ಷಗಳಿಂದ ಕಣ್ಣಿನಲ್ಲೂ ಕಾಣದ ಮಾಲೀಕನ ಮನೆ ಬಾಗಿಲಲ್ಲಿ ಪರಿಹಾರಕ್ಕಾಗಿ ನಿಲ್ಲಬೇಕಾಗುತ್ತದೆ.