ಊರ ಸೂತಕವೂ ಊರ ಆಟವೂ

ಘಟ್ಟದ ಬುಡದಲ್ಲಿರುವ ಸಿದ್ದಾಪುರದ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಗೃಹಸ್ಥರ ಕಿವಿ ಹೊಳೆಯ ಕಡೆಗೇ ಇರುವುದು. 2020ನೆಯ ಸೆಪ್ಟೆಂಬರಿನಲ್ಲಿ ನಮ್ಮ ಉಡುಪಿ ಜಿಲ್ಲೆಯಲ್ಲಿಯೇ ರಾತ್ರಿ ಬೆಳಗಾಗುವುದರೊಳಗೆ ನೆರೆ ನುಗ್ಗಿ, ಜನರನ್ನು ದೋಣಿಗಳಲ್ಲಿ ದಾಟಿಸಬೇಕಾಯಿತು. ಮಳೆ ಹಿಂದೆಗೆದು ಕೊಯ್ಲು ಮುಗಿಯಿತೆಂದರೆ ಕಂಬಳದ ಕಾಲ. ಆದುದರಿಂದ ಸೀಮೆ ನೊಂದ ವರುಷ ಆಟಗಳು ನಡೆಯತಕ್ಕವೋ ನಿಲ್ಲತಕ್ಕವೋ ಎಂಬ ಪ್ರಶ್ನೆ ನಮಗೆ ದೂರದ್ದಲ್ಲ.

ಕೊಡಗಿನವರು ಈ ಪ್ರಶ್ನೆಯನ್ನು ಕಷ್ಟದಲ್ಲಿಯೇ ಎದುರಿಸಿದರು. ಕೊಡವ ಮನೆತನಗಳ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದರು. ವರುಷಕ್ಕೊಂದು ಮನೆತನವು ಅದರ ಆತಿಥ್ಯವನ್ನು ವಹಿಸುವುದು ವಾಡಿಕೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಮಣ್ಣುಪಾಲಾದವು. ಮೊದಲು ಆ ವಿಪತ್ತಿನಿಂದ, ಬಳಿಕ ಕೋವಿಡ್ ವ್ಯಾಧಿಯಿಂದ ಹಬ್ಬವು ನಾಲ್ಕು ವರುಷ ನಿಂತಿತು. 2023ರಲ್ಲಿ ನಾಪೋಕ್ಲಿನಲ್ಲಿ ಮತ್ತೆ ನಡೆಯಿತು. ನಂಟರ ಮನೆ ಕುಸಿದಿರುವಾಗ ಯಾರು ಯಾರಿಗೆ ಆತಿಥ್ಯ ಮಾಡುವುದು?

ಅದೇ 2018ರಲ್ಲಿ ಕೇರಳದವರು ಆಲಪ್ಪುಳದ ನೆಹರೂ ಟ್ರೋಫಿ ದೋಣಿಯ ಪಂದ್ಯವನ್ನು ಕೈಬಿಡಲಿಲ್ಲ; ಆಗಸ್ಟಿನಿಂದ ಮುಂದಕ್ಕೆ ಹಾಕಿ, ನವೆಂಬರ್ 10ರಂದು ನಡೆಸಿದರು.

‘ಆಟ ನಿಲ್ಲಿಸಿದರೆ ಹೋದವರು ಬರುವರೇ?’ ಎಂದು ಕೆಲವರು ಕೇಳುವರು. ಆ ಮಾತನ್ನು ತಳ್ಳಿಹಾಕಲಾಗದು. ಗದ್ದೆಯಂಚಿನಲ್ಲಿ ಚುರುಮುರಿ ಮಾರುವವನಿಗೂ ಕೋಣಗಳನ್ನು ವರುಷವೆಲ್ಲ ಸಾಕಿದವನಿಗೂ ಆಟವು ಬರಿಯ ವಿನೋದವಲ್ಲ. ಅತ್ತು ದಣಿದವರಿಗೂ ನಾಲ್ಕು ಜನರ ನಡುವೆ ಕುಳಿತು ನಗುವ ದಿನವೊಂದು ಬೇಕು. ಆದರೆ ರಕ್ಷಣೆಗೆ ಬೇಕಾದ ಪೊಲೀಸರನ್ನೂ ವೈದ್ಯರನ್ನೂ ಆಟದ ಬಯಲಿಗೆ ಕರೆಸಿಕೊಳ್ಳುವುದು, ನಿರಾಶ್ರಿತರು ತಂಗಿರುವ ಶಾಲೆಯ ಮುಂದೆ ಧ್ವನಿವರ್ಧಕ ಕಟ್ಟುವುದು ಯಾವ ವಿನೋದಕ್ಕೂ ತಕ್ಕುದಲ್ಲ.

ಆಟವೇ ನೆರವಾಗುವುದೂ ಉಂಟು. 2004ರ ಡಿಸೆಂಬರ್ 26ರ ಸುನಾಮಿಯಾಗಿ ಹದಿನೈದೇ ದಿನಗಳಲ್ಲಿ, 2005ರ ಜನವರಿ 10ರಂದು, ಮೆಲ್ಬರ್ನಿನಲ್ಲಿ ಸಂತ್ರಸ್ತರಿಗಾಗಿ ಕ್ರಿಕೆಟ್ ಪಂದ್ಯವೊಂದು ನಡೆಯಿತು. ಅದನ್ನು ಆತುರವೆನ್ನಲಾಗದು, ಆ ಬಯಲು ದುಃಖದ ಕಡಲತೀರದಿಂದ ದೂರದಲ್ಲಿತ್ತು, ಕೂಡಿದ ಹಣ ನೊಂದವರದಾಗಿತ್ತು.

ನಮ್ಮ ಮನೆಗಳಲ್ಲಿ ಸಾವಾದರೆ ಸೂತಕವುಂಟು, ಸೂತಕಕ್ಕೆ ಕೊನೆಯೂ ಉಂಟು. ಮನೆಗೆ ಸಲ್ಲುವ ಈ ನಿಯಮ ಊರಿಗೂ ಸಲ್ಲತಕ್ಕದ್ದೆಂದು ನಾವು ತಿಳಿಯುತ್ತೇವೆ. ಮನೆಯ ಸೂತಕದ ಅವಧಿಯನ್ನು ಹಿರಿಯರು ಗೊತ್ತುಮಾಡಿರುವರು. ಊರ ಸೂತಕದ ಅವಧಿಯನ್ನು ನೊಂದವರೇ ಹೇಳಬೇಕು. ಆಟದ ಮುಖ್ಯಸ್ಥರು ದಿನ ಗೊತ್ತುಮಾಡುವುದಕ್ಕೆ ಮುಂಚೆ ಮನೆ ಕಳಕೊಂಡವರ ಜಗಲಿಗೆ ಹೋಗಿ ಕುಳಿತು ಕೇಳಲಿ. ಅವರು ‘ಇನ್ನು ನಡೆಸಿ’ ಎಂದ ಆಟದಲ್ಲಿ ಶೋಭೆಯಿದೆ. ಅವರನ್ನು ಕೇಳದೆ ನಡೆಸಿದ ಆಟದಲ್ಲಿ ಗೆದ್ದವನಿಗೂ ಗೆಲವಿಲ್ಲ.

ವಾಚಕರಾದ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳನ್ನು ಆಟಕ್ಕೆ ಕಳುಹುವ ಮುನ್ನ, ನೆರೆಮನೆಯ ಒಲೆ ಹೊತ್ತಿದೆಯೇ ಎಂದು ಅವರನ್ನೇ ನೋಡಿಬರಲು ಕಳುಹಿರಿ.