ಉಗ್ರಾಣದ ಕೆಳಗೊಂದು ಕೋಣೆ

ಕಳೆದ ಕಾರ್ತಿಕದಲ್ಲಿ ನಾವು ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯವಾಗಿ ಸೊನ್ನೆಯನ್ನು ಹಾಕಿದೆವು. ಅದು ಆದ ಬಗೆಯನ್ನು ವಾಚಕರಿಗೆ ಅರಿಕೆ ಮಾಡುವುದು ಉಚಿತವೆಂದು ತೋರಿತು.

ನಿವೃತ್ತರಾದ ಮೇಲೆ ನಾವು ಒಂದು ಕಾಲೇಜಿನವರಿಗಾಗಿ, ಮೂಡಲ್ ಎಂಬ ಪಾಠವ್ಯವಸ್ಥೆಯ ಮೂಲಕ, ಸಂಸ್ಕೃತವನ್ನು ಹೇಳಿಕೊಡುತ್ತಿರುವೆವು. ವಿದ್ಯಾರ್ಥಿಗಳು ಹೆಚ್ಚಿದುದರಿಂದ ಅಲ್ಲಿ ಒಂದೇ ಕೆಲಸಕ್ಕೆ ಎರಡು ಸರ್ವರುಗಳನ್ನು ನಿಲ್ಲಿಸಿದ್ದಾರೆ. ಬಂದವರು ಯಾವುದಾದರೊಂದಕ್ಕೆ ಹೋಗುವರು. ಆದಕಾರಣ ಕಡತಗಳೆಲ್ಲವೂ ಎರಡಕ್ಕೂ ಸಾಧಾರಣವಾದ ಒಂದೇ ಉಗ್ರಾಣದಲ್ಲಿರತಕ್ಕುದು. ದೂರದ ಉಗ್ರಾಣವನ್ನು ಸರ್ವರಿಗೆ ತನ್ನದೇ ಮನೆಯ ಕೋಣೆಯೆಂಬಂತೆ ತೋರಿಸುವ ಪದ್ಧತಿಗೆ ಎನ್.ಎಫ್.ಎಸ್. ಎಂದು ಹೆಸರು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯವರು ಇದನ್ನು ೧೯೮೪ರಲ್ಲಿ ರಚಿಸಿದರು.

ಆ ಹುಡುಗಿಯ ಉತ್ತರಪತ್ರಿಕೆಯ ಹೆಸರು ನಮ್ಮ ಪಟ್ಟಿಯಲ್ಲಿತ್ತು, ತೆರೆಯಹೋದರೆ ಪತ್ರಿಕೆಯಿಲ್ಲ. ಪಟ್ಟಿಯಿರುವುದು ಬೇರೊಂದು ದತ್ತಕೋಶದಲ್ಲಿ ಎಂಬುದು ಆಗ ನಮಗೆ ತಿಳಿಯದು. ‘ರಾತ್ರಿ ನಾನೇ ತೆರೆದು ನೋಡಿದೆನು’ ಎಂದು ಆಕೆ ಬರೆದಳು. ಇಂತಹ ನೆಪಗಳನ್ನು ಮೂವತ್ತು ವರ್ಷಗಳಿಂದ ಕೇಳಿದ ಕಿವಿಗಳು ನಮ್ಮವು, ನಂಬಲಿಲ್ಲ.

ಆ ಸರ್ವರುಗಳನ್ನು ನೋಡಿಕೊಳ್ಳುವವನು ನಮ್ಮ ಹಳೆಯ ಶಿಷ್ಯನು. ಅವನು ವಿಚಾರಿಸಿ ಹೇಳಿದುದಿಷ್ಟು. ಆ ಸಂಜೆ ವಿದ್ಯುತ್ತು ಹೋಗಿ ಬಂದಾಗ, ಉಗ್ರಾಣವು ಏಳುವ ಮೊದಲೇ ಒಂದು ಸರ್ವರು ಎದ್ದಿತು. ಆದುದರಿಂದ ಮೌಂಟ್ ಎಂಬ ಜೋಡಣೆಯು ಆಗಲಿಲ್ಲ. ಜೋಡಣೆಯಿಲ್ಲದಾಗ ಆ ಸ್ಥಳದಲ್ಲಿ ಅದೇ ಹೆಸರಿನ ಬರಿಯ ಕೋಣೆಯೊಂದು ಉಳಿದಿರುವುದು. ಮೂಡಲಿಗೆ ಈ ಭೇದವು ಎಲ್ಲಿಂದ ತಿಳಿಯಬೇಕು? ಬಂದ ಪತ್ರಿಕೆಗಳನ್ನು ಅಲ್ಲಿಯೇ ಇಟ್ಟುಕೊಂಡಿತು. ಬೆಳಗ್ಗೆ ಯಾರೋ ಉಗ್ರಾಣವನ್ನು ಜೋಡಿಸಿದರು. ಜಮಖಾನೆಯ ಕೆಳಗೆ ಸೇರಿದ ಕಾಗದದಂತೆ ಪತ್ರಿಕೆಗಳು ಅದರಡಿಯಲ್ಲಿ ಮರೆಯಾದುವು. ಶಿಷ್ಯನು ಜೋಡಣೆಯನ್ನು ಬಿಚ್ಚಿ ನೋಡಿದನು. ಎಲ್ಲವೂ ಇದ್ದಲ್ಲಿಯೇ ಇದ್ದುವು. ನಾವು ಸೊನ್ನೆಯನ್ನು ಅಳಿಸಿ, ಆಕೆಯ ಕ್ಷಮೆಯನ್ನು ಬೇಡಿದೆವು.

ಈಗ ಅವನು ಆ ಬರಿಯ ಕೋಣೆಯಲ್ಲಿ ಮೂಡಲು ಬರೆಯದಂತೆ ಅನುಮತಿಯನ್ನು ತೆಗೆದುಹಾಕಿದ್ದಾನೆ. ಜೋಡಣೆ ತಪ್ಪಿದರೆ ಪತ್ರಿಕೆಯು ಅಲ್ಲಿಯೇ ನಿರಾಕೃತವಾಗುವುದು. ಕಳುಹಿಸಿದವರಿಗೂ ಆ ಕ್ಷಣವೇ ತಿಳಿಯುವುದು. ಜೋಡಣೆಯಾಗುವ ತನಕ ಸರ್ವರಿನ ಸೇವೆಯು ಆರಂಭವಾಗದಂತೆಯೂ ಕಟ್ಟುಮಾಡಿದ್ದಾನೆ. ಕ್ಷಣಿಕವಾದ ಸಂಗ್ರಹವನ್ನು ಮಾತ್ರ ಆಯಾ ಸರ್ವರಿನಲ್ಲಿಯೇ ಇರಿಸಿದ್ದಾನೆ. ಅದಕ್ಕಾಗಿ ಉಗ್ರಾಣದವರೆಗೆ ನಡೆಯುವುದು ವ್ಯರ್ಥಶ್ರಮ.

ಇನ್ನೊಂದು ವಿಷಯವು ವ್ಯಾಕರಣವನ್ನು ಓದಿದ ನಮಗೆ ವಿಚಿತ್ರವಾಗಿ ಕಂಡಿತು. ಸಾಮಾನ್ಯ ಏರ್ಪಾಡಿನಲ್ಲಿ ಎನ್.ಎಫ್.ಎಸ್. ಒಡೆಯನನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ವೆಬ್ ಸೇವಕನಿಗೆ ಡೆಬಿಯನ್ನಿನಲ್ಲಿ ೩೩, ರೆಡ್ ಹ್ಯಾಟಿನಲ್ಲಿ ೪೮. ಈ ಎರಡು ಬಗೆಯ ಸರ್ವರುಗಳನ್ನು ಬೆರೆಸಿದರೆ ಒಂದು ಇಟ್ಟುದನ್ನು ಇನ್ನೊಂದು ಮುಟ್ಟಲಾರದೆ ಹೋಗಬಹುದು. ಸಂಖ್ಯೆಗಳನ್ನು ಮೊದಲೇ ಸರಿಪಡಿಸಿಕೊಳ್ಳತಕ್ಕುದು.

ಉಗ್ರಾಣವು ಒಂದೇ ಆದುದರಿಂದ ಅದು ಕೆಟ್ಟರೆ ಎರಡು ಸರ್ವರುಗಳೂ ನಿಲ್ಲುವುವು. ಅದರ ನಕಲು ಪ್ರತಿರಾತ್ರಿಯೂ ಬೇರೊಂದು ಕಟ್ಟಡಕ್ಕೆ ಹೋಗುತ್ತಿದೆ. ಹುಡುಗಿಯ ಪತ್ರಿಕೆಯು ಆ ನಕಲಿನಲ್ಲಿಯೂ ಇರಲಿಲ್ಲ. ನಕಲು ತೆಗೆಯುವ ಯಂತ್ರವು ನಿಜವಾದ ಉಗ್ರಾಣವನ್ನು ಮಾತ್ರ ನೋಡಿತ್ತು.